ಗುರುತ್ವ ಮಾಹಿತಿಯಿಂದ ಹುಟ್ಟುತ್ತದೆಯೇ? ವೆರ್ಲಿಂಡೆ ಲೆಕ್ಕದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ

ಕ್ಷಿತಿಜ (ಪ್ರಶ್ನೆ):
ಗುರುತ್ವ ಮೂಲಬಲವಲ್ಲ, ದ್ರವ್ಯರಾಶಿಯನ್ನು ಸುತ್ತುವರಿದ ಕಾಲ್ಪನಿಕ ಗೋಳದ (ಇದೇ ‘ಪರದೆ’) ಮೇಲಿನ ಮಾಹಿತಿಯಿಂದ ಹುಟ್ಟುತ್ತದೆ ಎಂಬ ಭೌತವಿಜ್ಞಾನಿ ಎರಿಕ್ ವೆರ್ಲಿಂಡೆಯವರ 2010ರ ವಾದವನ್ನು ಭೂಮಿಗೆ ಹಚ್ಚಿ ನೋಡುತ್ತಿದ್ದೇನೆ. ಪರದೆಯ ಬಿಟ್‌ಗಳನ್ನು ಎಣಿಸಲು, ಕಪ್ಪುಕುಳಿಯ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಸೂತ್ರದಂತೆ, ವಿಸ್ತೀರ್ಣವನ್ನು ಪ್ಲಾಂಕ್ ಉದ್ದದ (ಕ್ವಾಂಟಂ ಗುರುತ್ವದ ಅತಿಕಿರಿದಾದ ಉದ್ದಮಾನ) ವರ್ಗದ ನಾಲ್ಕರಷ್ಟರಿಂದ ಭಾಗಿಸಿದರೆ ನೆಲಮಟ್ಟದ ವೇಗೋತ್ಕರ್ಷ 9.8ರ ಬದಲು 39 ಮೀ/ಸೆ² ಬರುತ್ತದೆ. ಆ ನಾಲ್ಕನ್ನು ಏನು ಮಾಡಬೇಕು? ಇನ್ನೊಂದು: ಇಲ್ಲಿ ನ್ಯೂಟನ್ ನಿಯಮ ನಿಜಕ್ಕೂ ಹುಟ್ಟುತ್ತದೆಯೇ, ಮೊದಲೇ ಒಳಗೆ ಕೂತಿದೆಯೇ?

ಶೂನ್ಯಬಿಂದು:
ಬಿಟ್ ಎಣಿಸುವಾಗ ನಾಲ್ಕು ಬೇಡ. ಭೂಮಿಯ ಗೋಳದ ವಿಸ್ತೀರ್ಣ 5.1×10¹⁴ ಚದರ ಮೀಟರ್. ಅದನ್ನು ಪ್ಲಾಂಕ್ ಉದ್ದದ ವರ್ಗವಾದ 2.61×10⁻⁷⁰ರಿಂದ ಭಾಗಿಸಿದರೆ 1.95×10⁸⁴ ಬಿಟ್. ಭೂಮಿಯ ದ್ರವ್ಯರಾಶಿಗೆ ಸಮನಾದ ಶಕ್ತಿ 5.37×10⁴¹ ಜೂಲ್. ಶಕ್ತಿ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ ಎನ್ನುವ ಸಮಹಂಚಿಕೆ ನಿಯಮದಂತೆ ಪ್ರತಿ ಬಿಟ್ಟಿಗೆ ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಉಷ್ಣತೆಯ ಅರ್ಧ ಹಂಚಿ; ಉಷ್ಣತೆ 4×10⁻²⁰ ಕೆಲ್ವಿನ್ ಸಿಗುತ್ತದೆ. ವೇಗೋತ್ಕರ್ಷಕ್ಕೆ ತಕ್ಕ ಉಷ್ಣತೆ ಹೇಳುವ ಉನ್ರೂ ಸೂತ್ರದಲ್ಲಿ 9.8 ಮೀ/ಸೆ²ಗೆ ಬರುವುದೂ ಇದೇ.

ಕಾರಣ ಕಪ್ಪುಕುಳಿಯಲ್ಲೇ ಇದೆ. ಅಲ್ಲಿ ಶಕ್ತಿ ಎಂದರೆ ಉಷ್ಣತೆ, ಎಂಟ್ರೊಪಿಗಳ ಗುಣಲಬ್ಧದ ಎರಡರಷ್ಟು. ಎಂಟ್ರೊಪಿಯಲ್ಲಿ ಕಾಲು ಇದೆ, ಎರಡು ಕಾಲು ಸೇರಿ ಅರ್ಧ. ಸಮಹಂಚಿಕೆಯ ಅರ್ಧ ಅದೇ. ನೀವು ಅದರ ಮೇಲೆ ಮತ್ತೆ ಕಾಲು ಹಾಕಿದಿರಿ. ಹಾಗಾಗಿ ಇಲ್ಲಿಯ ಒಂದು ಬಿಟ್ಟಿನ ಎಂಟ್ರೊಪಿ ಬೋಲ್ಟ್ಸ್‌ಮನ್ ಸ್ಥಿರಾಂಕದ 0.25ರಷ್ಟು, ಕಂಪ್ಯೂಟರ್ ಬಿಟ್ಟಿನ 0.69 ಅಲ್ಲ. ಎರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಎಲ್ಲ ಲೆಕ್ಕವೂ ಕೆಡುತ್ತದೆ.

ಸಹ್ಯಾದ್ರಿ:
ಎರಡನೇ ಪ್ರಶ್ನೆಗೆ: ಪ್ಲಾಂಕ್ ಉದ್ದದೊಳಗೆ ಗುರುತ್ವ ಸ್ಥಿರಾಂಕ ಇದ್ದೇ ಇದೆ. ಬಿಟ್ ಸಂಖ್ಯೆ ವಿಸ್ತೀರ್ಣದ ಅನುಪಾತದಲ್ಲಿದೆ ಎಂದ ಕ್ಷಣವೇ ದೂರದ ವಿಲೋಮ ವರ್ಗವೂ ಬಂದಾಯಿತು. ಹಾಗಾಗಿ ಇದನ್ನು ಪುರಾವೆ ಎನ್ನಲಾರೆ. ನನ್ನ ಮಟ್ಟಿಗೆ ಗಟ್ಟಿ ನೆಲೆ ಟೆಡ್ ಜೇಕಬ್‌ಸನ್ ಅವರ 1995ರ ಕೆಲಸ. ಸ್ಥಳೀಯ ಕ್ಷಿತಿಜದ (ಆಚೆಯಿಂದ ಬೆಳಕೂ ವೀಕ್ಷಕನನ್ನು ತಲುಪದ ಗಡಿ) ಮೂಲಕ ಹರಿಯುವ ಶಾಖಕ್ಕೆ ಉಷ್ಣಬಲವಿಜ್ಞಾನದ ನಿಯಮ ಹಚ್ಚಿ, ಅವರು ಗುರುತ್ವದ ಐನ್‌ಸ್ಟೈನ್ ಸಮೀಕರಣವನ್ನೇ ಪಡೆದರು. ಪುಣೆಯ ಖಗೋಳವಿಜ್ಞಾನ ಕೇಂದ್ರ ಐಯುಕಾದಲ್ಲಿದ್ದ ಪದ್ಮನಾಭನ್ ಅವರೂ ವೆರ್ಲಿಂಡೆಗಿಂತ ಮೊದಲೇ ಈ ದಾರಿಯಲ್ಲಿ ಬಹುದೂರ ನಡೆದಿದ್ದರು.

ನ್ಯೂಟ್ರಿನೊ:
ಪ್ರಯೋಗದ ಮಾತೂ ಬರಲಿ. ಗ್ರೆನೋಬಲ್‌ನಲ್ಲಿ ಅತಿಶೀತ ನ್ಯೂಟ್ರಾನ್‌ಗಳನ್ನು ಕೆಳಗಿನ ಕನ್ನಡಿಗೂ ಮೇಲಿನ ಹೀರುಫಲಕಕ್ಕೂ ನಡುವೆ ಹಾಯಿಸಿದರು. ಸಂದು ಸುಮಾರು 15 ಮೈಕ್ರೊಮೀಟರ್‌ಗಿಂತ ಕಿರಿದಾದರೆ ಏನೂ ದಾಟಲಿಲ್ಲ. ಗುರುತ್ವದಲ್ಲಿ ಕ್ವಾಂಟಂ ಮಟ್ಟಗಳಿವೆ ಎಂದು 2002ರಲ್ಲಿ ಪ್ರಕಟವಾಯಿತು. ಎತ್ತರದೊಂದಿಗೆ ಎಂಟ್ರೊಪಿ ಬದಲಾಗುವುದಾದರೆ ಇಷ್ಟು ಶುದ್ಧ ಕ್ವಾಂಟಂ ಸ್ಥಿತಿಗಳು ಉಳಿಯಬಾರದು ಎಂಬುದು ಭೌತವಿಜ್ಞಾನಿ ಕೊಬಾಖಿಡ್ಜೆಯವರ ಆಕ್ಷೇಪ. ಪರದೆಯ ಬಗ್ಗೆ ಅವರು ಮಾಡಿಕೊಂಡ ಊಹೆಯೇ ಸರಿಯಲ್ಲ ಎಂಬ ಪ್ರತಿವಾದವೂ 2011ರಲ್ಲೇ ಬಂತು.

ವೆರ್ಲಿಂಡೆಯವರ 2016ರ ಲೇಖನವನ್ನು ಇದರೊಂದಿಗೆ ಬೆರೆಸಬೇಡಿ. ಅದು ಕಪ್ಪುದ್ರವ್ಯ ಬೇಡವೆನ್ನುವ ಬೇರೆ ವಾದ: 33,613 ಗೆಲಾಕ್ಸಿಗಳ ಮಸೂರ ಪರಿಣಾಮಕ್ಕೆ (ಗುರುತ್ವದಿಂದ ಬೆಳಕು ಬಾಗುವುದು) ಹೊಂದಿತು, 2017ರಲ್ಲಿ ಗೆಲಾಕ್ಸಿಗಳ ತಿರುಗುವೇಗದ ಮುಂದೆ ಎಡವಿತು.