ರೋಜರ್ ಅಂದರೆ ‘ಹೌದು’ ಅಲ್ಲ

ಪ್ರಶ್ನೆ: ಮುಂದಿನ ವಾರದಿಂದ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಸೆಟ್ ಮುಂದೆ ಕೂರಬೇಕು. ಪದಗಳ ದೊಡ್ಡ ಪಟ್ಟಿ ಕೊಟ್ಟಿದ್ದಾರೆ, ತಲೆ ಗಿರ್ ಅನ್ನುತ್ತಿದೆ. ಮೊದಲು ಯಾವುದನ್ನು ಕಲಿಯಲಿ?

ಒಬ್ಬರು: ಪಟ್ಟಿ ಆಮೇಲೆ ನೋಡಿಕೊಳ್ಳಿ. ಮೊದಲು ‘ರೋಜರ್’ ಸರಿಯಾಗಿ ತಿಳಿದುಕೊಳ್ಳಿ. ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಅಂತ ಅದರರ್ಥ, ಅಷ್ಟೇ. ನಾನು ಹೊಸಬನಾಗಿದ್ದಾಗ ಅಪಘಾತದ ಜಾಗಕ್ಕೆ ಹೋಗಿದ್ದ ಗಾಡಿಯವರನ್ನು ‘ಇನ್ನೊಂದು ಆಂಬುಲೆನ್ಸ್ ಬೇಕಾ?’ ಎಂದು ಕೇಳಿದೆ. ‘ರೋಜರ್’ ಅಂದರು. ಬೇಕು ಅಂದುಕೊಂಡು ಕಳಿಸಿಬಿಟ್ಟೆ. ಅವರು ಗಾಯಾಳುಗಳನ್ನು ನೋಡಿ ಆಮೇಲೆ ಹೇಳೋಣ ಅಂತಿದ್ದರಂತೆ! ಆಂಬುಲೆನ್ಸ್ ಖಾಲಿ ವಾಪಸ್ ಬಂತು, ನನಗೆ ಚೆನ್ನಾಗಿ ಬೈಗುಳ ಬಿತ್ತು. ಹೌದು ಅನ್ನಲು ‘ಅಫರ್ಮೇಟಿವ್’, ಇಲ್ಲ ಅನ್ನಲು ‘ನೆಗೆಟಿವ್’, ಹೇಳಿದಂತೆ ಮಾಡುತ್ತೇನೆ ಅನ್ನಲು ‘ವಿಲ್ಕೋ’. ಪ್ರಶ್ನೆಗೆ ರೋಜರ್ ಬಂದರೆ ಸಂಕೋಚ ಬೇಡ, ಮತ್ತೆ ಕೇಳಿ.

ಇನ್ನೊಬ್ಬರು: ಗಾಡಿ ನಂಬರ್ ಬರೆಯುವಾಗ ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳುತ್ತವೆ. ಅದಕ್ಕೇ ಆ ಅಕ್ಷರಗಳ ಬದಲು ಬ್ರಾವೊ, ಡೆಲ್ಟಾ, ಪಾಪಾ, ಟ್ಯಾಂಗೊ ಅನ್ನುವುದು. ಅಮೆರಿಕದ ಎಷ್ಟೋ ಪೊಲೀಸರು ಎ, ಬಿ, ಸಿಗೆ ಆಡಂ, ಬಾಯ್, ಚಾರ್ಲ್ಸ್ ಅನ್ನುತ್ತಾರೆ. ನಿಮ್ಮಲ್ಲಿ ಯಾವುದು ಅಂತ ಕೇಳಿಕೊಳ್ಳಿ, ಎರಡನ್ನೂ ಬೆರೆಸಬೇಡಿ. ಅಂಕಿಯನ್ನು ಬಿಡಿಬಿಡಿಯಾಗಿ ಹೇಳಿ. ಫಿಫ್ಟೀನ್, ಫಿಫ್ಟಿ ನಡುವೆ ಎಡವದವರೇ ಇಲ್ಲ. ‘ಒನ್ ಫೈವ್’ ಅಂದರೆ ಗೊಂದಲವೇ ಇರದು.

ಮತ್ತೊಬ್ಬರು: ‘ಓವರ್ ಆಂಡ್ ಔಟ್’ ಸಿನಿಮಾದ್ದು. ಓವರ್ ಅಂದರೆ ನನ್ನ ಮಾತು ಮುಗಿಯಿತು, ನೀವು ಹೇಳಿ. ಔಟ್ ಅಂದರೆ ಮಾತುಕತೆಯೇ ಮುಗಿಯಿತು. ಎರಡೂ ಒಟ್ಟಿಗೆ ಹೇಗೆ ಬರುತ್ತವೆ, ಅಲ್ವಾ?

ಕೇಳಿದವರು: ಟೆನ್ ಕೋಡ್, ಅಂದರೆ ‘ಟೆನ್’ ಜೊತೆ ಇನ್ನೊಂದು ಅಂಕಿ ಸೇರಿಸಿ ಸಂದೇಶ ಹೇಳುವ ಸಂಕೇತಗಳನ್ನು ಬಾಯಿಪಾಠ ಮಾಡಲೇಬೇಕಾ? ಟೆನ್ ಫೋರ್ (ಸಂದೇಶ ಸಿಕ್ಕಿತು) ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಮೊದಲನೆಯವರು: ನಿಮ್ಮಲ್ಲಿ ಬಳಸುತ್ತಿದ್ದರೆ ಮಾತ್ರ. ಅವು 1930ರ ದಶಕದಲ್ಲಿ ಅಮೆರಿಕದ ಇಲಿನಾಯ್ ಪೊಲೀಸರಲ್ಲಿ ಹುಟ್ಟಿದವು. ಒಂದೊಂದು ಇಲಾಖೆ ಒಂದೊಂದು ಅರ್ಥ ಕೊಟ್ಟುಕೊಂಡಿತು. ಹಲವು ಇಲಾಖೆ ಸೇರುವ ದೊಡ್ಡ ಅವಘಡಗಳಲ್ಲಿ ಈಗ ಅಲ್ಲೂ ಸಾದಾ ಮಾತೇ ನಿಯಮ. ಮುಂದೆ ‘ಟೆನ್’ ಯಾಕೆ ಗೊತ್ತಾ? ಗುಂಡಿ ಒತ್ತಿದ ಮೇಲೆ ಆಗಿನ ಸೆಟ್ ಚುರುಕಾಗಲು ಒಂದು ಕ್ಷಣ ಬೇಕಿತ್ತು, ಮೊದಲ ಉಚ್ಚಾರ ನುಂಗಿಹೋಗುತ್ತಿತ್ತು. ಹೋದರೆ ‘ಟೆನ್’ ಹೋಗಲಿ ಅಂತ! ಇವತ್ತಿನ ಸೆಟ್‌ನಲ್ಲೂ ಗುಂಡಿ ಒತ್ತಿ ಒಂದು ಕ್ಷಣ ತಡೆದೇ ಮಾತಾಡಿ. ಇಲ್ಲದಿದ್ದರೆ ‘ಎರಡು ಆಂಬುಲೆನ್ಸ್ ಕಳಿಸಿ’ ಅಂದದ್ದು ಆ ಕಡೆ ಬರೀ ‘ಆಂಬುಲೆನ್ಸ್ ಕಳಿಸಿ’ ಅಂತ ಕೇಳಿಸುತ್ತದೆ.