ದಾವಣಗೆರೆ–ಹರಿಹರ ದಿನಾ ಸೈಕಲ್: ಎಂಟಿಬಿಯನ್ನು ಆಫೀಸ್ ಓಡಾಟಕ್ಕೆ ಹೊಂದಿಸೋದು ಹೇಗೆ?

ನಿಟುವಳ್ಳಿ27

ಎಲ್ಲರಿಗೂ ನಮಸ್ಕಾರ. ನಿಟುವಳ್ಳಿಯಿಂದ ಹರಿಹರಕ್ಕೆ ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯಲ್ಲಿ ಆಫೀಸಿಗೆ ಸೈಕಲ್ಲಲ್ಲೇ ಹೋಗಿ ಬರೋದು. ಒಂದು ಕಡೆಗೆ ಹತ್ತಿರ ಹತ್ತಿರ 15 ಕಿ.ಮೀ. ಸೈಕಲ್ಲು ಗೇರಿನ ಎಂಟಿಬಿ, ಅಂದ್ರೆ ಮೌಂಟನ್ ಬೈಕು: ಸ್ಟೀಲ್ ಫ್ರೇಮು, 27.5 ಚಕ್ರ, 2.10 ಅಗಲದ ಹಲ್ಲಿನ ಟೈರು, ಮುಂದೆ ಸಸ್ಪೆನ್ಷನ್ ಫೋರ್ಕು, ಎರಡೂ ಕಡೆ ವೈರಿನ ಡಿಸ್ಕ್ ಬ್ರೇಕು. ಗೇರು ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರ. ಹಿಂದಿನ ಚಕ್ರ ನಟ್ಟು ಬಿಗಿಯೋದು. ನನ್ನ ತೂಕ 74 ಕೆ.ಜಿ. ಲ್ಯಾಪ್‌ಟಾಪು, ಬುತ್ತಿ, ಒಂದು ಜೊತೆ ಬಟ್ಟೆ ಸೇರಿ ಬ್ಯಾಗು 6 ಕೆ.ಜಿ., ಈಗ ಬೆನ್ನಿಗೇ ಹಾಕ್ಕೊಳ್ತೀನಿ.

ಬೆಳಿಗ್ಗೆ ಹೋಗುವಾಗ ಎದುರುಗಾಳಿಗೆ ಸುಸ್ತು. ಮೊಣಕಾಲಿನ ಮುಂಭಾಗ ನೋವು, ಅಂಗೈ ಜೋಮು ಹಿಡಿಯುತ್ತೆ. ಮಳೆ ಬಂದ್ರೆ ಬೆನ್ನೆಲ್ಲ ಕೆಸರು. ಪಂಕ್ಚರ್ ಅಂತೂ ಕೇಳಲೇಬೇಡಿ. ಕೈಯಲ್ಲಿ 6,000 ರೂಪಾಯಿ ಇದೆ. ಸಸ್ಪೆನ್ಷನ್ ತೆಗೆದು ಗಟ್ಟಿ ಫೋರ್ಕು ಹಾಕಿಸಿ, ಮುಂದೆ ಒಂದೇ ಹಲ್ಲುಚಕ್ರ ಇಟ್ಕೊಳ್ಳಿ ಅಂತ ಒಬ್ಬರು ಹೇಳ್ತಿದ್ದಾರೆ. ಮೊದಲು ಯಾವುದಕ್ಕೆ ಕೈ ಹಾಕಲಿ?

ಕಡ್ಡಿಬಿಗಿ

ಫೋರ್ಕೂ ಬೇಡ, ಗೇರೂ ಬೇಡ. ಆ ದುಡ್ಡು ಟೈರು, ಮಡ್‌ಗಾರ್ಡು, ಕ್ಯಾರಿಯರು, ಲೈಟಿಗೆ ಇಡಿ. ಮಿಕ್ಕಿದರೆ ಗೇಜ್ ಇರೋ, ನಿಂತು ಹೊಡೆಯೋ ಪಂಪು.

ಖರ್ಚಿಲ್ಲದ ಕೆಲಸ ಮೊದಲು. ಮೊಣಕಾಲಿನ ಮುಂಭಾಗ ನೋಯುತ್ತೆ ಅಂದ್ರೆ ಸಾಮಾನ್ಯವಾಗಿ ಸೀಟು ತಗ್ಗಿರುತ್ತೆ. ಸೀಟಲ್ಲಿ ಕೂತಲ್ಲೇ ಎರಡೂ ಕಾಲು ನೆಲಕ್ಕೆ ಸಿಗಬೇಕು ಅಂತ ನಮ್ಮಲ್ಲಿ ಎಲ್ಲರೂ ಇಳಿಸಿಡ್ತಾರೆ. ಅಷ್ಟು ಇಳಿಸಿದ್ರೆ ಪ್ರತಿ ತುಳಿತಕ್ಕೂ ಮೊಣಕಾಲು ಜಾಸ್ತಿ ಮಡಚುತ್ತೆ. ಗೋಡೆ ಹಿಡ್ಕೊಂಡು ಸೀಟಲ್ಲಿ ಕೂತು, ಪೆಡಲ್ಲು ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ಆಗ ನೆಟ್ಟಗಾಗಬೇಕು, ಸೊಂಟ ಓಲಬಾರದು. ಹಿಮ್ಮಡಿ ಬದಲು ಮುಂಗಾಲು ಇಟ್ಟು ತುಳಿದಾಗ ಬೇಕಾದಷ್ಟು ಬಾಗು ತಾನಾಗಿ ಬರುತ್ತೆ. ಟೇಪಿದ್ರೆ ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು ಒಳತೊಡೆ ಉದ್ದ ಅಳೆದು 0.883ರಿಂದ ಗುಣಿಸಿ. ಒಳತೊಡೆ 79 ಸೆಂ.ಮೀ. ಇದ್ರೆ ಕ್ರ್ಯಾಂಕಿನ (ಪೆಡಲ್ಲು ಕೂರೋ ತೋಳು ತಿರುಗೋ ಜಾಗ) ನಡುವಿನಿಂದ ಸೀಟಿನ ಮೇಲ್ಮೈಗೆ ಹತ್ತಿರ ಹತ್ತಿರ 70 ಸೆಂ.ಮೀ. ಒಂದೇ ಸಲ ಏರಿಸಬೇಡಿ, ವಾರಕ್ಕೆ 1 ಸೆಂ.ಮೀ. ಸಾಕು. ಸೀಟಿನ ಕಂಬಿಯ ಮೇಲೆ ಗೀರು ಹಾಕಿರೋ ಮಿತಿ ಗುರುತು ಫ್ರೇಮಿನ ಒಳಗೇ ಇರಬೇಕು. ಮೊಣಕಾಲಿನ ಹಿಂಭಾಗ ಎಳೆಯೋಕೆ ಶುರುವಾದ್ರೆ ಏರಿಸಿದ್ದು ಜಾಸ್ತಿ ಆಯ್ತು ಅಂತ.

ಅಂಗೈ ಜೋಮಿಗೆ ಸೀಟಿನ ಮೂತಿ ನೋಡಿ. ಕೆಳಗೆ ಬಾಗಿದ್ರೆ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತೆ. ಸಮಮಟ್ಟಕ್ಕೆ ತನ್ನಿ. ಬ್ರೇಕ್ ಲಿವರು ನೆಲಕ್ಕೆ ಸಮಾಂತರ ಇದ್ರೆ 30ರಿಂದ 45 ಡಿಗ್ರಿ ಕೆಳಕ್ಕೆ ತಿರುಗಿಸಿ, ಮಣಿಕಟ್ಟು ಮಡಚದೆ ಬೆರಳು ಸಿಗಬೇಕು.

ಟೈರು: 27.5×1.75, ನಡುವೆ ನುಣುಪು, ಅಂಚಲ್ಲಿ ಸಣ್ಣ ಗೀರು ಇರೋದು. ಪಕ್ಕದಲ್ಲಿ 47-584 ಅಂತ ಅಚ್ಚಾಗಿರುತ್ತೆ. ಆ 584 ನೋಡಿಯೇ ತಗೊಳ್ಳಿ, ರಿಮ್ಮಿಗೆ ಕೂರೋ ಅಳತೆ ಅದೇ. 26ರ ಸೈಕಲ್ ಇರೋರು ಮೋಸ ಹೋಗೋದು ಇಲ್ಲೇ: 26×1.75 ಅಂದ್ರೆ 559, 26×1⅜ ಅಂದ್ರೆ 590. ಎರಡೂ 26, ಒಂದರ ರಿಮ್ಮಿಗೆ ಇನ್ನೊಂದು ಯಾವ ಕಾಲಕ್ಕೂ ಕೂರಲ್ಲ. ಗಾಳಿ ನಿಮ್ಮ ತೂಕಕ್ಕೆ ಹಿಂದೆ 45–50 ಪಿಎಸ್‌ಐ, ಮುಂದೆ 38–42. ಪಂಕ್ಚರ್ ಶಾಪಲ್ಲಿ ಬೆರಳಲ್ಲಿ ಒತ್ತಿ ನೋಡಿ ತುಂಬಿಸಿಕೊಳ್ಳೋ ಅಭ್ಯಾಸ ಬಿಡಿ.

ಬಾತಿಗುಡ್ಡ

ಕಡ್ಡಿಬಿಗಿಯವರು ಹೇಳಿದ್ದು ಸರಿ ಐತೆ. ಫೋರ್ಕಿನ ವಿಷಯ ಇಷ್ಟು ಸೇರಿಸ್ತೀನಿ ನೋಡ್ರಿ. ಗಟ್ಟಿ ಫೋರ್ಕು ಹಾಕೋದಾದ್ರೆ ಆಕ್ಸಲ್‌ನಿಂದ ಕ್ರೌನಿನವರೆಗಿನ (ಫೋರ್ಕಿನ ಎರಡೂ ಕಾಲು ಮೇಲೆ ಸೇರೋ ಜಾಗ) ಉದ್ದ ಹೊಂದಬೇಕು, ಡಿಸ್ಕ್ ಬ್ರೇಕು ಕೂರೋ ಕಿವಿ ಇರಬೇಕು. ಸಿಕ್ಕಿದ್ದು ತಂದು ನಾಲ್ಕೈದು ಸೆಂ.ಮೀ. ಗಿಡ್ಡ ಇರೋದು ಹಾಕಿದ್ರೆ ಸೈಕಲ್ಲು ಮೂತಿ ಬಗ್ಗಿಸುತ್ತೆ, ಅಂಗೈ ಮೇಲೆ ಭಾರ ಇನ್ನೂ ಜಾಸ್ತಿ. ಈಗಿರೋ ಜೋಮು ದುಡ್ಡು ಕೊಟ್ಟು ಹೆಚ್ಚಿಸ್ಕೊಂಡಂಗಾಗುತ್ತೆ. ಮುಂದಿನ ಹಲ್ಲುಚಕ್ರನೂ ಹಂಗೇ. ಈ ದರ್ಜೆ ಕ್ರ್ಯಾಂಕಲ್ಲಿ ಮೂರೂ ಚಕ್ರ ರಿವಿಟ್ ಹೊಡೆದೇ ಬಂದಿರ್ತಾವೆ, ಒಂದನ್ನ ಬಿಚ್ಚಕ್ಕೆ ಬರಲ್ಲ, ಇಡೀ ಕ್ರ್ಯಾಂಕು ಬದಲಾಯಿಸಬೇಕು. ಚೈನನ್ನ ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಮುಂದಿನ ಡಿರೇಲರ್ ತೆಗೆದು ಸಾದಾ ಚಕ್ರ ಬಿಟ್ರೆ ಗುಂಡಿಗೆ ಇಳಿದಾಗೆಲ್ಲ ಚೈನು ಬೀಳುತ್ತೆ.

ಮಡ್‌ಗಾರ್ಡು ಅಂದ್ರೆ ಸೀಟಿನ ಕಂಬಿಗೆ ಸಿಗಿಸೋ ಮೊಂಡು ಪ್ಲಾಸ್ಟಿಕ್ ತರಬ್ಯಾಡ್ರಿ. ಬೆನ್ನು ಉಳಿಯುತ್ತೆ, ಕಾಲು, ಚೈನು ಎರಡೂ ಹಾಳು. ಚಕ್ರನ ಪೂರ್ತಿ ಸುತ್ತೋ, ಕಂಬಿ ಇರೋ, 60 ಮಿ.ಮೀ. ಅಗಲದ್ದು ತಗೊಳ್ರಿ. ಟೈರಿಗೂ ಅದಕ್ಕೂ 15–20 ಮಿ.ಮೀ. ಸಂದು ಬಿಡಬೇಕು. ಬೇರೆ ಊರಲ್ಲಿ 10 ಸಾಕಾಗಬಹುದು, ನಮ್ಮದು ಎರೆಮಣ್ಣು. ಡಾಂಬರಿನ ಅಂಚಿಂದ ಒಂದು ಸಲ ಹಸಿ ಎರೆಗೆ ಇಳಿದ್ರೆ ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡೊಳಗೆ ತುಂಬಿ ಚಕ್ರನೇ ನಿಂತೋಗುತ್ತೆ. ಹಂಗಾದ್ರೆ ನೀರು ಹಾಕಬ್ಯಾಡ್ರಿ, ಇನ್ನೂ ಅಂಟುತ್ತೆ. ಕಡ್ಡಿಯಲ್ಲಿ ಕೆದರಿ ತೆಗೀರಿ, ಉಳಿದದ್ದು ಒಣಗಿದ ಮೇಲೆ ತಟ್ಟಿದ್ರೆ ತಾನೇ ಉದುರುತ್ತೆ.

ಮುಂದಿನ ಮಡ್‌ಗಾರ್ಡಿಗೆ ಒಂದು ಎಚ್ಚರ. ಸಸ್ಪೆನ್ಷನ್ ಫೋರ್ಕಲ್ಲಿ ಮೇಲಿನ ಕ್ರೌನಿಗೆ ಅದನ್ನ ಬಿಗಿದ್ರೆ ಫೋರ್ಕು ಒತ್ತಿದಾಗ ಚಕ್ರ ಮೇಲೆ ಬಂದು ಮಡ್‌ಗಾರ್ಡಿಗೆ ಬಡಿಯುತ್ತೆ. ಚಕ್ರದ ಜೊತೆಗೇ ಚಲಿಸೋ ಕೆಳಗಿನ ಕಾಲಿಗೆ, ಅಂದ್ರೆ ಎರಡು ಕಾಲು ಸೇರಿಸೋ ಕಮಾನಿಗೆ ಬಿಗಿಬೇಕು. ಕಂಬಿ ಕೂರಿಸಕ್ಕೆ ತೂತು ಇರಲ್ಲ, ಒಳಗೆ ರಬ್ಬರ್ ಇರೋ ಕ್ಲಾಂಪು ಹಾಕಿಸ್ರಿ. ತುದಿಗೆ ಹಳೇ ಟ್ಯೂಬು ಕತ್ತರಿಸಿ ನೆಲದಿಂದ ಒಂದು ಗೇಣು ಮೇಲೆ ಇರೋ ಹಂಗೆ ಬಾಲ ಕಟ್ಟಿದ್ರೆ ಷೂ ಒದ್ದೆ ಆಗಲ್ಲ.

ಇನ್ನ ಕ್ಯಾರಿಯರು. ಹಳೇ ಸೈಕಲ್ಲಿನ ಕಬ್ಬಿಣದ್ದು ಅಗ್ಗ ಅಂತ ಅದನ್ನೇ ಆಕ್ಸಲ್ ನಟ್ಟಿಗೆ ಸೇರಿಸಿ ಬಿಗಿಸ್ತಾರೆ. ಗೇರ್ ಸೈಕಲ್ಲಲ್ಲಿ ಆಕ್ಸಲ್ ಹೊರಗೆ ಚಾಚಿರೋದು ಸ್ವಲ್ಪನೇ. ನಡುವೆ ದಪ್ಪ ಪಟ್ಟಿ ಬಂದ್ರೆ ನಟ್ಟಿಗೆ ಮೂರ್ನಾಲ್ಕು ಸುತ್ತು ಮಾತ್ರ ಹಿಡಿಯುತ್ತೆ, ಒಂದಿನ ಎಳೆ ಕಿತ್ತು ಚಕ್ರ ಓರೆಯಾಗುತ್ತೆ. ಫ್ರೇಮಲ್ಲಿ ಎಂ5 ಬೋಲ್ಟಿನ ತೂತು ಇದ್ರೆ ಅದಕ್ಕೇ ಕೂರೋದು ತಗೊಳ್ರಿ, ಡಿಸ್ಕನ್ನ ಹಿಡಿಯೋ ಕ್ಯಾಲಿಪರ್ ತಪ್ಪಿಸಿ ಬಾಗಿರೋ ಕಾಲಿಂದು. ಸಾದಾ ಕ್ಯಾರಿಯರಿಗೆ ಎಡಗಡೆ ಉದ್ದ ಬುಷ್ ಕೊಟ್ಟು ಕೂರಿಸಬಹುದು, ಆದ್ರೆ ಭಾರವೆಲ್ಲ ಬೋಲ್ಟಿನ ತುದಿ ಮೇಲೆ ನಿಲ್ಲುತ್ತೆ. ನಿಮ್ಮ 6 ಕೆ.ಜಿ.ಗೆ ತಡೆಯುತ್ತೆ, ಅಕ್ಕಿ ಚೀಲಕ್ಕಲ್ಲ.

ಬಲಗಡೆ ಬೋಲ್ಟಿನ ಉದ್ದ ಮರೀಬ್ಯಾಡ್ರಿ. ಒಳಕ್ಕೆ 2 ಮಿ.ಮೀ. ಜಾಸ್ತಿ ಚಾಚಿದ್ರೂ 14ರ ಹಲ್ಲಿಗೆ ಹೋದ ಚೈನು ಅದಕ್ಕೆ ಉಜ್ಜಿ ಕಟಕಟ ಅನ್ನುತ್ತೆ. ಮೆಕ್ಯಾನಿಕ್ಕು ಗೇರ್ ಟ್ಯೂನಿಂಗ್ ಸರಿ ಇಲ್ಲ ಅಂತ ಸ್ಕ್ರೂ ತಿರುವ್ತಾ ಕೂರ್ತಾನೆ.

ನಿಟುವಳ್ಳಿ27

ಬಹಳ ಉಪಕಾರ ಆಯ್ತು. ಫೋರ್ಕ್ ಆಸೆ ಬಿಟ್ಟೆ. ಪಂಕ್ಚರಿಗೆ ಟ್ಯೂಬೊಳಗೆ ದ್ರವ ಹಾಕಿಸೋದು ಒಳ್ಳೇದೋ, ಟೈರೊಳಗೆ ಪಟ್ಟಿ ಹಾಕೋದೋ? ಗಾಳಿಗೆ ಏನೂ ಮಾಡೋಕಾಗಲ್ವಾ?

ದುರ್ಗದಗಾಳಿ

ಗಾಳಿ ವಿಷಯ ಚಿತ್ರದುರ್ಗದೋರನ್ನ ಕೇಳಿ. ಜೋಗಿಮಟ್ಟಿ ಸಾಲಲ್ಲಿ ಗಾಳಿಫ್ಯಾನು ನಿಲ್ಲಿಸಿರೋದು ಸುಮ್ಮನೆ ಅಲ್ಲ.

ಹರಿಹರ ನಿಮಗೆ ಪಡುವಣಕ್ಕಿದೆ. ಮುಂಗಾರಲ್ಲಿ ಗಾಳಿ ಬೀಸೋದೂ ಆ ಕಡೆಯಿಂದಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ ಎದುರಿಗೆ, ಸಂಜೆ ಬೆನ್ನಿಗೆ. ನೀವು 18 ಕಿ.ಮೀ. ವೇಗದಲ್ಲಿ ಹೋಗ್ತಾ ಇದ್ದು ಗಾಳಿಯೂ 18ರಲ್ಲಿ ಎದುರಾದ್ರೆ ಮೈಗೆ ಬಡಿಯೋ ಗಾಳಿ 36. ತಡೆ ಹೆಚ್ಚೋದು ವರ್ಗದ ಲೆಕ್ಕದಲ್ಲಿ, ಅಂದ್ರೆ ಗಾಳಿಯಿಲ್ಲದ ದಿನದ ನಾಲ್ಕು ಪಟ್ಟು. ಇದನ್ನ ತೊಡೆಯ ಬಲದಲ್ಲಿ ಗೆಲ್ಲೋಕೆ ಹೋದ್ರೆ ಮೊಣಕಾಲೇ ಹೋಗೋದು. 42ರಲ್ಲಿ ತಳ್ಳಬೇಡಿ. ಮುಂದೆ 34, ಹಿಂದೆ 18 ಇಟ್ಟು ನಿಮಿಷಕ್ಕೆ 75 ಸುತ್ತು ಹಗುರಾಗಿ ತುಳಿದ್ರೆ ಅದೇ 18 ಕಿ.ಮೀ. ಬರುತ್ತೆ. ಸಂಜೆ 42–16ಕ್ಕೆ ಹಾಕಿ, ಅದೇ ತುಳಿತಕ್ಕೆ 25. ನಿಮ್ಮ ಮೂರು ಚಕ್ರದ ಗೇರು ಈ ಕೆಲಸಕ್ಕೇ ಇರೋದು, ಅದನ್ನ ಕಿತ್ತು ಒಂದು ಮಾಡಿ ಅಂದೋರು ಮುಂಗಾರಲ್ಲಿ ಆ ರಸ್ತೆ ತುಳಿದಿರಲಿಕ್ಕಿಲ್ಲ. ಬ್ಯಾಗು ಬೆನ್ನಿಂದ ಕ್ಯಾರಿಯರಿಗೆ ಇಳಿದ್ರೆ ಮೊಣಕೈ ಮಡಚಿ ಬಗ್ಗೋದು ಸುಲಭ. ಪಟಪಟ ಬಡಿಯೋ ಸಡಿಲ ರೇನ್‌ಕೋಟಿಗೆ ಸೊಂಟದಲ್ಲಿ ಒಂದು ಬೆಲ್ಟು ಕಟ್ಟಿ.

ಪಂಕ್ಚರಿಗೆ ಬಳ್ಳಾರಿ ಜಾಲಿಯೇ ಕಾರಣ ಅಂತ ಮೊದಲೇ ತೀರ್ಮಾನ ಮಾಡಬೇಡಿ. ತೂತು ಎಲ್ಲಿದೆ ನೋಡಿ. ಟೈರಿನ ಕಡೆಗೆ ಒಂದೇ ಸಣ್ಣ ತೂತು ಅಂದ್ರೆ ಮುಳ್ಳು. ಅಕ್ಕಪಕ್ಕ ಜೋಡಿ ಸೀಳು ಅಂದ್ರೆ ಗಾಳಿ ಕಮ್ಮಿಯಾಗಿ ಗುಂಡಿಯಲ್ಲಿ ರಿಮ್ಮು ಟ್ಯೂಬನ್ನ ಕಚ್ಚಿದೆ. ರಿಮ್ಮಿನ ಕಡೆಗೆ ತೂತು ಅಂದ್ರೆ ರಿಮ್ ಟೇಪು ಸರಿದು ಕಡ್ಡಿಯ (ಸ್ಪೋಕ್) ತಲೆ ಚುಚ್ಚಿದೆ, ಅದಕ್ಕೆ ನೀವು ಏನು ದ್ರವ ಸುರಿದ್ರೂ ನಾಳೆ ಮತ್ತೆ ಅದೇ. ಟ್ಯೂಬು ತೆಗೆಯೋ ಮುಂಚೆ ವಾಲ್ವಿನ ನೇರಕ್ಕೆ ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ ಟೈರಲ್ಲಿ ಮುಳ್ಳಿನ ಮುರಿದ ತುದಿ ಕೂತಿರುತ್ತೆ. ಹೊರಗಿನಿಂದ ಕಾಣಲ್ಲ. ಒಳಗೆ ಹತ್ತಿಬಟ್ಟೆ ಎಳೆದ್ರೆ ನೂಲು ಸಿಕ್ಕಿಕೊಳ್ಳುತ್ತೆ, ಅಲ್ಲಿ ಚಿಮಟ ಹಾಕಿ ಕೀಳಿ. ಇದನ್ನ ಬಿಟ್ಟು ಬರೀ ಪ್ಯಾಚ್ ಹಾಕಿದ್ರೆ ಎರಡು ಕಿ.ಮೀ.ಗೆ ಮತ್ತೆ ಇಳಿಯುತ್ತೆ.

ನನ್ನ ಮತ ಪಟ್ಟಿಗೇ. 1.75 ಟೈರಿಗೆ 35ರಿಂದ 39 ಮಿ.ಮೀ. ಅಗಲದ್ದು. ತುದಿಗಳನ್ನ ದುಂಡಗೆ ಕತ್ತರಿಸಿ ಪೌಡರ್ ಸವರಿ, ಇಲ್ಲದಿದ್ರೆ ಆ ಅಂಚೇ ಟ್ಯೂಬು ಉಜ್ಜಿ ತೂತು ಮಾಡುತ್ತೆ. ದ್ರವ ಹಾಕೋದೇ ಆದ್ರೆ ಪ್ರತಿ ಟ್ಯೂಬಿಗೆ 100–120 ಮಿ.ಲೀ. ವಾಲ್ವು ಪೂರ್ತಿ ಕೆಳಗಿಟ್ಟು ಗಾಳಿ ಹೊಡೀಬೇಡಿ, ದ್ರವ ವಾಲ್ವಿಗೇ ಏರಿ ಕಟ್ಟಿಕೊಳ್ಳುತ್ತೆ. ನಮ್ಮ ಬೇಸಿಗೆಗೆ ಮೂರ್ನಾಲ್ಕು ತಿಂಗಳಲ್ಲಿ ಒಣಗುತ್ತೆ. ಆಮೇಲೆ ಪಂಕ್ಚರ್ ಆದ್ರೆ ಅಂಟಂಟಾದ ಟ್ಯೂಬಿಗೆ ಸಲ್ಯೂಷನ್ ಹಿಡಿಯಲ್ಲ.

ಮೆಕ್ಕೆತೆನೆ

ಲೈಟಿನ ಬಗ್ಗೆ ಯಾರೂ ಹೇಳಲಿಲ್ಲ. ಈ ದಾರಿಯಲ್ಲಿ ಬೆಳಿಗ್ಗೆಯೂ ಸಂಜೆಯೂ ಸೂರ್ಯ ನಿಮ್ಮ ಬೆನ್ನಿಗಿರ್ತಾನೆ. ನಿಮಗೆ ಹಿತ, ಎದುರಿಂದ ಬರೋರಿಗೆ ಮಾತ್ರ ಬಿಸಿಲು ನೇರ ಕಣ್ಣಿಗೆ. ಓವರ್‌ಟೇಕ್ ಮಾಡ್ತಾ ಎದುರು ನುಗ್ಗೋ ಕಾರಿನವರಿಗೆ ನೀವು ಕಾಣೋದೇ ಇಲ್ಲ. ಹಾಗಾಗಿ ಹಗಲಲ್ಲೂ ಮುಂದಿನ ಲೈಟು ಮಿಣುಕ್ತಾ ಇರಲಿ.

ನವೆಂಬರ್, ಡಿಸೆಂಬರಲ್ಲಿ ಆರಕ್ಕೆಲ್ಲ ಕತ್ತಲು. ಮೆಕ್ಕೆಜೋಳ ರಸ್ತೆ ಮೇಲೆ ಒಣಹಾಕೋದೂ ಅದೇ ಹೊತ್ತಿಗೆ. ರಾಶಿ ಎತ್ತಿದ ಮೇಲೂ ಸುತ್ತ ಇಟ್ಟ ಕಲ್ಲು ಅಲ್ಲೇ ಉಳಿದಿರ್ತಾವೆ. ಅದು ಕಾಣಬೇಕಾದ್ರೆ 300 ಲುಮೆನ್ ಆದ್ರೂ ಬೇಕು, ಬೆಳಕಿನ ನಡುಭಾಗ 8–10 ಮೀಟರ್ ಮುಂದೆ ನೆಲಕ್ಕೆ ಬೀಳೋ ಹಾಗೆ ಬಗ್ಗಿಸಿ. ರಾತ್ರಿ ಮಿಣುಕಿಸಬೇಡಿ, ದೂರದ ಅಂದಾಜು ಸಿಗಲ್ಲ. ಹಿಂದಿನ ಕೆಂಪು ಲೈಟು ಸೀಟಿನ ಕಂಬಿಗೆ ಕಟ್ಟಿದ್ರೆ ಬ್ಯಾಗು ಮುಚ್ಚಿಬಿಡುತ್ತೆ, ಕ್ಯಾರಿಯರಿನ ಹಿಂತುದಿಗೆ ಹಾಕಿ. ಟೈರಿಗೆ ಉಜ್ಜೋ ಡೈನಮೋ ಮಳೆಯಲ್ಲಿ ಜಾರುತ್ತೆ, ಬೇಡ. ಪೆಡಲ್ಲಿನ ಹಳದಿ ರಿಫ್ಲೆಕ್ಟರ್ ಕಿತ್ತು ಬಿಸಾಡಬೇಡಿ. ಅದು ಮೇಲೆ ಕೆಳಗೆ ಆಡೋದರಿಂದಲೇ ಹಿಂದಿನ ಲಾರಿಯವನಿಗೆ ಸೈಕಲ್ಲು ಅಂತ ಬೇಗ ಗೊತ್ತಾಗೋದು.

ಕಡ್ಡಿಬಿಗಿ

ಇನ್ನೆರಡು. ಚೈನಿಗೆ ಎಂಜಿನ್ ಆಯಿಲ್ ಬೇಡ, ಧೂಳು ಕೂತು ಹಲ್ಲು ಸವೆಸುತ್ತೆ. ವಾರಕ್ಕೊಂದು ಸಲ ಬಟ್ಟೆಯಲ್ಲಿ ಒರೆಸಿ, ಪ್ರತಿ ರೋಲರಿಗೆ ಒಂದು ಹನಿ ಚೈನ್ ಲ್ಯೂಬು ಬಿಟ್ಟು, ಹತ್ತು ನಿಮಿಷ ಬಿಟ್ಟು ಹೊರಗಿನದ್ದು ಪೂರ್ತಿ ಒರೆಸಿ. ಸ್ಪ್ರೇ ಹೊಡೀಬೇಡಿ, ಡಿಸ್ಕಿಗೆ ಎಣ್ಣೆ ತಾಗಿದ್ರೆ ಬ್ರೇಕ್ ಹಿಡಿಯಲ್ಲ, ಕಿರುಚುತ್ತೆ. ಸ್ಟೀಲ್ ಸ್ಕೇಲಲ್ಲಿ ಪಿನ್ನಿಂದ ಪಿನ್ನಿಗೆ 12 ಇಂಚು ಅಳೆಯಿರಿ. 1/16 ಇಂಚು ಜಾಸ್ತಿ ಬಂದ್ರೆ ಚೈನು ಬದಲಿಸಿ. 1/8 ಆಗೋವರೆಗೆ ಕಾದ್ರೆ ಫ್ರೀವೀಲೂ (ಹಿಂದಿನ ಹಲ್ಲುಚಕ್ರಗಳ ಗುಂಪು) ಹೋಗಿರುತ್ತೆ.

ಕ್ಯಾರಿಯರಿಗೆ ಭಾರ ಹಾಕೋಕೆ ಶುರು ಮಾಡಿದ ಮೇಲೆ ಹಿಂದಿನ ಚಕ್ರದ ಮೇಲೆ ಕಣ್ಣಿಡಿ. ಫ್ರೀವೀಲ್ ಇರೋ ಹಬ್ಬಲ್ಲಿ (ಚಕ್ರದ ನಡುಭಾಗ) ಬಲಗಡೆ ಬೇರಿಂಗು ಒಳಗೆಲ್ಲೋ ಇರುತ್ತೆ, ಆಕ್ಸಲ್ಲಿನ ಉದ್ದ ಭಾಗ ಆಸರೆ ಇಲ್ಲದೆ ನಿಲ್ಲುತ್ತೆ. ಬಾಗೋದು ಅಲ್ಲೇ. ಚಕ್ರ ಬಿಚ್ಚಿದಾಗ ಆಕ್ಸಲ್ಲನ್ನ ಬೆರಳಲ್ಲಿ ತಿರುಗಿಸಿ. ತುದಿ ಒಂದೇ ಕಡೆ ನಿಲ್ಲದೆ ವೃತ್ತ ಬರೆದ್ರೆ ಬಾಗಿದೆ ಅಂತ, ಬಡಿದು ನೆಟ್ಟಗೆ ಮಾಡಿಸಬೇಡಿ, ಹೊಸದೇ ಹಾಕಿಸಿ. ಕಡ್ಡಿಗಳನ್ನ ಜೋಡಿ ಜೋಡಿಯಾಗಿ ಹಿಂಡಿ ನೋಡಿ, ಸಡಿಲ ಇರೋದೇ ಹಬ್ಬಿನ ಮೊಣಕೈ ಹತ್ತಿರ ಮುರಿಯೋದು, ಬಿಗಿ ಇರೋದಲ್ಲ.