ಅಡೆತಡೆ ಓಟದ ನನ್ನ ಮೊದಲ ವಿಶ್ವ ಚಾಂಪಿಯನ್‌ಶಿಪ್: ಮುಂಗೈ ಸೋಲುತ್ತಿದೆ

ಪ್ರಶ್ನೆ: ಕಬ್ಬನ್ ಪಾರ್ಕಿನಲ್ಲಿ ಓಡಿ ರೂಢಿಯಿರುವ ನನಗೆ ಅಡೆತಡೆ ಓಟದ (ಓಡುತ್ತಲೇ ಗೋಡೆ, ಕಂಬಿಗಳಂಥ ತಡೆಗಳನ್ನು ದಾಟುವ ಸ್ಪರ್ಧೆ) 15 ಕಿಲೋಮೀಟರ್ ದೂರ ಭಯ ಹುಟ್ಟಿಸುವುದಿಲ್ಲ, ಆದರೆ ಕಂಬಿಗಳಿಗೆ ಜೋತುಬಿದ್ದು ಸಾಗುವಾಗ ಮುಂಗೈ ಬೇಗನೆ ಸೋಲುತ್ತದೆ. ಹೇಗೆ ಸಿದ್ಧನಾಗಲಿ?

ಉತ್ತರ 1: ಮೊದಲು ನಿಯಮವನ್ನು ಗಮನಿಸಿ. ಸ್ಪಾರ್ಟನ್ ಎಂಬ ಜನಪ್ರಿಯ ಅಡೆತಡೆ ಓಟಗಳಲ್ಲಿ ತಡೆಯೊಂದು ತಪ್ಪಿದರೆ ಬರ್ಪಿ (ಕುಕ್ಕರಿಸಿ, ಕಾಲು ಹಿಂದೆ ಚಾಚಿ, ಎದ್ದು ಜಿಗಿಯುವ ವ್ಯಾಯಾಮ) ಅಥವಾ ಶಿಕ್ಷೆಯಾಗಿ ಹೆಚ್ಚುವರಿ ಸುತ್ತು ಮುಗಿಸಿ ಮುಂದುವರಿಯಬಹುದು; ವಿಶ್ವ ಚಾಂಪಿಯನ್‌ಶಿಪ್‌ನಲ್ಲಾದರೋ ದಾಟುವವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕು, ಕೈಚೆಲ್ಲಿದರೆ ಎಲ್ಲ ತಡೆಗಳನ್ನೂ ದಾಟಿದ್ದಕ್ಕೆ ಗುರುತಾದ ಮಣಿಕಟ್ಟಿನ ಪಟ್ಟಿಯನ್ನೇ ಒಪ್ಪಿಸಬೇಕು.

ಉತ್ತರ 2: ಮೇಲಿನವರ ಮಾತು ಸರಿ. ದಣಿಯದ ಮೈಯಲ್ಲಿ ಮಾತ್ರ ಅಭ್ಯಾಸ ಮಾಡಿದರೆ ಸಾಲದು. ಬೆಂಗಳೂರಿನ ತುರಹಳ್ಳಿ ಕಾಡಿನ ಏರನ್ನು ಓಡಿ ಹತ್ತಿದ ಕೂಡಲೇ (ಅಲ್ಲಿಗೆ ತಲುಪುವ ಟ್ರಾಫಿಕ್ಕೇ ಮೊದಲ ಅಡೆತಡೆ!) ಒದ್ದೆ ಟವೆಲ್ ಹಿಡಿದು ಜೋತುಬೀಳಿ. ತೋಳನ್ನು ಮಡಿಸದೆ, ಸೊಂಟದ ತೂಗಾಟದಿಂದ ಮುಂದಿನ ಕಂಬಿಗೆ ಸಾಗಿದರೆ ಮುಂಗೈಯ ಹೊರೆ ಕಡಿಮೆಯಾಗುತ್ತದೆ.

ಪ್ರಶ್ನಿಸಿದವರು: ಇಷ್ಟು ದಿನ ತೋಳು ಮಡಿಸಿಯೇ ಸಾಗುತ್ತಿದ್ದೆ. ನಾಳೆಯಿಂದಲೇ ತಿದ್ದಿಕೊಳ್ಳುತ್ತೇನೆ.